ಸೊಣ್ಣಮ್ಮನ ಅಂಗಳದ ಮಳೆಮಾಪಕ

ಸರ್ವಮಂಗಳಾ ಹಠ ಹಿಡಿದರೆ ಮುಗೀತು. ತುಮಕೂರಿನ ಹುಡುಗಿ ಸಂಖ್ಯಾಶಾಸ್ತ್ರ ಓದಿ, ಜಯನಗರದಲ್ಲಿ ಬಾಡಿಗೆ ಮನೆ ಹಿಡಿದು, ಸರ್ಕಾರಿ ಕೆಲಸಕ್ಕೆ ಸೇರಿದ್ದೂ ಆ ಹಠದಿಂದಲೇ. ೧೯೬೪ರಲ್ಲಿ ಆಕೆಗೊಂದು ಹೊಸ ಕೆಲಸ ಬಂತು. ಬೆಂಗಳೂರಿನ ದಕ್ಷಿಣಕ್ಕೆ ಎಲ್ಲೆಲ್ಲಿ ಮಳೆಮಾಪಕ ಇಡಬೇಕೆಂದು ಲೆಕ್ಕ ಹಾಕಿ ಹೇಳಬೇಕು.

ಕೊನೆಗೆ ಉಳಿದದ್ದು ಒಂದೇ ಮಾಪಕ. ಅದು ಜಯನಗರದ ಆಫೀಸಿನ ಅಂಗಳದಲ್ಲೇ ಇರಲಿ ಎಂಬುದು ಮೇಲಧಿಕಾರಿ ಅನಂತರಾಮು ಅವರ ಆಸೆ, ಬಂದವರಿಗೆಲ್ಲ ತೋರಿಸಬಹುದಲ್ಲ! ಸರ್ವಮಂಗಳಾ ಹಳೆಯ ಮಳೆ ದಾಖಲೆಗಳನ್ನು ಹರಡಿಕೊಂಡು, ಲೆಕ್ಕದ ಯಂತ್ರದ ಹಿಡಿ ತಿರುಗಿಸಿ ತಿರುಗಿಸಿ ಕೈ ನೋಯಿಸಿಕೊಂಡಿದ್ದಳು. ಮೊದಲೇ ಮಾಪಕವಿದ್ದ ಲಾಲ್‌ಬಾಗಿನ ಮಳೆ ಗೊತ್ತಿದ್ದರೆ ಜಯನಗರದ್ದನ್ನು ಹೆಚ್ಚುಕಡಿಮೆ ಹೇಳಿಬಿಡಬಹುದು. ದೂರ ಹೋದಷ್ಟೂ ಅಂದಾಜು ತಪ್ಪುತ್ತದೆ, ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಅರೆಕೆರೆಯ ಸುತ್ತ.

"ಗೊತ್ತಿರೋದನ್ನೇ ಇನ್ನೊಂದ್ಸಲ ಯಾಕೆ ಅಳೀಬೇಕು ಸಾರ್?" ಎಂದಳು. ಅನಂತರಾಮು ಗೊಣಗುತ್ತಲೇ ಒಪ್ಪಿದರು.

ಮಾಪಕ ಅರೆಕೆರೆಯ ರೈತ ಹೆಂಗಸು ಸೊಣ್ಣಮ್ಮನ ಅಂಗಳ ಸೇರಿತು. ದಿನಾ ಬೆಳಿಗ್ಗೆ ಅಳೆದು, ಇದ್ದಷ್ಟನ್ನು ಕಾರ್ಡಿನಲ್ಲಿ ಬರೆಯುವ ಜವಾಬ್ದಾರಿ ಆಕೆಯ ಮಗ ತಿಮ್ಮರಾಯಪ್ಪನದು. ಫೆಬ್ರವರಿ ಬಂತು. ಊರೆಲ್ಲ ಬಿಸಿಲಿಗೆ ಬೇಯುತ್ತಿದೆ, ಅರೆಕೆರೆಯ ಕಾರ್ಡಿನಲ್ಲಿ ಮಾತ್ರ ದಿನಾ ತುಂತುರು ಮಳೆ!

"ಏನಮ್ಮ, ನಿಮ್ಮ ಲೆಕ್ಕಕ್ಕೆ ಹೆದರಿ ವರುಣದೇವ್ರು ದಿನಾ ಡ್ಯೂಟಿಗೆ ಬರ್ತಿದಾನಾ?" ಎಂದರು ಅನಂತರಾಮು. "ಸೋಮವಾರ ಅದನ್ನ ಕಿತ್ಕೊಂಡು ಬನ್ನಿ."

ಆಫೀಸಿಗೆ ಆಫೀಸೇ ನಕ್ಕಿತು. ಸರ್ವಮಂಗಳೆಗೆ ಮೈಯೆಲ್ಲ ಉರಿಯಿತು. ಆ ಜಾಗ ಬಿಟ್ಟುಕೊಟ್ಟರೆ ತನ್ನ ಲೆಕ್ಕವನ್ನು ಇನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ಭಾನುವಾರ ಬೆಳಿಗ್ಗೆಯೇ ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸಿಳಿದು ಅರೆಕೆರೆಗೆ ನಡೆದಳು. ತಿಮ್ಮರಾಯಪ್ಪ ಮಾಪಕದೊಳಗಿನ ಬಾಟಲಿಯ ನೀರು ಅಳೆದು ಚೆಲ್ಲಿ, ಎಲ್ಲ ಮತ್ತೆ ಜೋಡಿಸಿಟ್ಟು ಹೊಲಕ್ಕೆ ಹೊರಟ. ಅವನು ಬೆನ್ನು ತಿರುಗಿಸಿದ್ದೇ ತಡ, ಸೊಣ್ಣಮ್ಮ ಚೊಂಬು ತಂದು ಮಾಪಕದ ಬಾಯಿಗೆ ಒಂದಿಷ್ಟು ನೀರು ಹೊಯ್ದಳು.

"ಅಯ್ಯೋ, ಏನಮ್ಮ ಮಾಡ್ತಿದೀರಿ!"

"ಮುತ್ತೈದೆ ಇರೋ ಮನೇಲಿ ಪಾತ್ರೆ ಬರಿದು ಬಿಡ್ತಾರೇನವ್ವ? ಅದೂ ತಾಮ್ರದ್ದು, ಬಾಗ್ಲು ಮುಂದೆ!"

ಬೈಯೋಣವೆಂದರೆ ಬಾಯಿ ಬರಲಿಲ್ಲ. ಸರ್ವಮಂಗಳೆಯ ತಾಯಿಯೂ ರಾತ್ರಿ ಬಿಂದಿಗೆಯನ್ನು ಬರಿದು ಬಿಟ್ಟವಳಲ್ಲ. ಸರ್ವಮಂಗಳಾ ಸೆರಗು ಸಿಕ್ಕಿಸಿ ಬಾವಿಯಿಂದ ಬಿಂದಿಗೆ ತುಂಬ ನೀರು ಸೇದಿ ತಂದು ಬಾಗಿಲ ಪಕ್ಕ ಇಟ್ಟಳು.

"ನಿಮ್ಮ ಶಾಸ್ತ್ರಕ್ಕೆ ಇದು ತುಂಬಿರ್ಲಿ. ಅದು ಆಕಾಶದ ಪಾತ್ರೆ, ಅದಕ್ಕೆ ಆಕಾಶವೇ ಹೊಯ್ಬೇಕು."

ಸೊಣ್ಣಮ್ಮ ಒಪ್ಪಿದಳು. ಮಾಪಕದ ನೀರು ಚೆಲ್ಲಿದರು.

ಸೋಮವಾರ ಬೆಳಿಗ್ಗೆ ಸರ್ವಮಂಗಳಾ ಮತ್ತೆ ಅಲ್ಲೇ. ತಿಮ್ಮರಾಯಪ್ಪ ಬಾಟಲಿ ಬಗ್ಗಿಸಿದ. ಒಂದು ಹನಿಯೂ ಬೀಳಲಿಲ್ಲ. ಆಕೆ ಸಂತೋಷ ತಡೆಯಲಾರದೆ ನಕ್ಕೇಬಿಟ್ಟಳು.

"ಮಳೆ ಇಲ್ಲ ಅಂದ್ರೆ ನಗ್ತೀರಲ್ಲವ್ವ!" ಸೊಣ್ಣಮ್ಮನಿಗೆ ನಿಜವಾಗಿಯೂ ಕೋಪ ಬಂದಿತ್ತು.

ಆಫೀಸಿನಲ್ಲಿ ಅನಂತರಾಮು ಆಕೆಯ ಖಾಲಿ ಕೈ ನೋಡಿದರು. "ಎಲ್ಲಮ್ಮ ಮಾಪಕ?"

ನಡೆದದ್ದನ್ನೆಲ್ಲ ಹೇಳಿ, ಸೊನ್ನೆ ಬರೆದಿದ್ದ ಕಾರ್ಡನ್ನು ಅವರ ಮೇಜಿನ ಮೇಲಿಟ್ಟಳು.

"ಒಂದು ಸೊನ್ನೆಗೆ ಇಷ್ಟು ಜಂಭವಾ?"

"ಇಲ್ಲದಾಗ ಇಲ್ಲ ಅಂತ ಹೇಳಿದ್ರೆ ತಾನೆ ಸಾರ್, ಬಂದಾಗ ಬಂತು ಅಂದ್ರೆ ನಂಬೋದು?"

ಅನಂತರಾಮು ಕಾರ್ಡನ್ನು ಕಡತಕ್ಕೆ ಸೇರಿಸಿದರು. ಆಮೇಲೆ, "ಅಲ್ಲೇ ಇರ್ಲಿ ಬಿಡಿ," ಎಂದರು.