ಬೀರುವಿನೊಳಗೆ ಹಿಡಿದ ಉಸಿರು

ನಾಲ್ಕು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ತುಮಕೂರಿನ ಮರಳೂರಿನಲ್ಲಿ ಮಹೇಶಪ್ಪನವರ ಮನೆಯ ಹಾಲ್‌ನಲ್ಲಿ ಅವರ ಮಗಳು ಚಂದನಾಳ ಕುರ್ಚಿಯ ಹಿಂದೆ ನಾನು ನಿಂತಿದ್ದೆ. ಎದುರಿಗೆ ಕಂಪ್ಯೂಟರ್ ಇತ್ತು.

ಆಗ ನಾನು ಹೈಸ್ಕೂಲೊಂದರಲ್ಲಿ ಆಪ್ತ ಸಮಾಲೋಚಕ. ಮಕ್ಕಳ ಫೋನು, ಗೇಮುಗಳ ವಿಷಯದಲ್ಲಿ ತಂದೆತಾಯಿ ನನ್ನನ್ನು ಕೇಳುತ್ತಿದ್ದರು. ಚಂದನಾಗೆ ಹದಿನಾರು ತುಂಬಿತ್ತು. ಹತ್ತನೇ ತರಗತಿಯ ಪರೀಕ್ಷೆ ಮುಗಿದಿತ್ತು, ಹಾರರ್ ಗೇಮ್ ಒಂದನ್ನು ಆಡಬೇಕೆಂದು ಹಟ ಹಿಡಿದಿದ್ದಳು. ತಾಯಿ ಗುಬ್ಬಿಯಲ್ಲಿ ನರ್ಸ್; ಅಂದು ಡ್ಯೂಟಿಗೆ ಹೋಗಿದ್ದರು.

“ನಮ್ಗೆ ಇದೆಲ್ಲ ತಿಳಿಯಲ್ಲ ಸಾರ್. ನೀವು ಹ್ಞೂಂ ಅಂದ್ರೆ ರಜಾ ಪೂರ್ತಿ ಆಡ್ಲಿ. ಬ್ಯಾಡ ಅಂದ್ರೆ ಇವತ್ತೇ ತೆಗೆಸ್ಬಿಡ್ತೀನಿ” ಎಂದರು ಮಹೇಶಪ್ಪ.

ಏಜ್ ರೇಟಿಂಗ್, ಅಂದರೆ ಯಾವ ವಯಸ್ಸಿಗೆ ತಕ್ಕದ್ದೆಂದು ಗೇಮಿನ ಮೇಲೆ ಹಾಕುವ ಗುರುತು, ಹದಿನಾರು ಎಂದಿತ್ತು. ರಕ್ತವಿರಲಿಲ್ಲ, ಕೆಟ್ಟ ಮಾತಿರಲಿಲ್ಲ, ಅಪರಿಚಿತರೊಡನೆ ಚಾಟ್ ಇರಲಿಲ್ಲ. ನನ್ನ ಪಟ್ಟಿಯ ನಾಲ್ಕಕ್ಕೂ ಟಿಕ್ ಬಿತ್ತು. ಹತ್ತು ನಿಮಿಷ ಆಟ ನೋಡಿ ಒಪ್ಪಿಗೆ ಕೊಡುವುದಷ್ಟೇ ಬಾಕಿ.

ಮಹೇಶಪ್ಪನವರ ತಾಯಿ ಪುಟ್ಟಮ್ಮಜ್ಜಿ ಅಲ್ಲೇ ನೆಲದ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಸ್ಪೀಕರಿನಲ್ಲಿ ದೆವ್ವ ಗೊರಗುಟ್ಟಿದ್ದೇ ನಕ್ಕರು. “ಇದೇನ್ಲಾ ಇದು ದೆವ್ವ, ಕಫ ಕಟ್ಟಿದಂಗೆ ಆಡ್ತದೆ! ಕಷಾಯ ಕುಡಿಸ್ರೋ ಅದಕ್ಕೆ.”

“ಸುಮ್ನಿರಜ್ಜಿ, ಅದು ಇಲ್ಲಿಗೇ ಬರತ್ತೆ ಈಗ” ಎಂದಳು ಚಂದನಾ. ನಾನೂ, “ಸ್ವಲ್ಪ ಹೊತ್ತು ಮಾತಾಡ್ಬೇಡಿ ಅಜ್ಜಿ” ಎಂದೆ.

ದೆವ್ವ ಕೋಣೆಗೆ ಬಂದಾಗ ಆಡುವವರು ಬೀರುವಿನೊಳಗೆ ಅಡಗಿ, ಒಂದು ಕೀ ಒತ್ತಿಕೊಂಡು ಉಸಿರು ಹಿಡಿಯಬೇಕು. ಚಂದನಾ ಅಡಗಿದಳು. ಪರದೆ ಕಪ್ಪಾಯಿತು, ಬಾಗಿಲ ಸಂದಿಯ ಬೆಳಕಷ್ಟೇ ಉಳಿಯಿತು. ದೆವ್ವ ಸುತ್ತಾಡಿ ಹೊರಟುಹೋಯಿತು. ನಾನು ಪರದೆಯನ್ನೇ ನೋಡುತ್ತಿದ್ದೆ.

“ಉಸ್ರು ಬುಡು ಮಗಾ! ಲೇ ಮಹೇಶ, ಕೂಸು ಉಸ್ರೇ ಆಡ್ತಿಲ್ಲ ಕಣ್ಲಾ!” ಎಂದು ಅಜ್ಜಿ ಕೂಗಿದರು.

ಆಗ ಅವಳ ಮುಖ ನೋಡಿದೆ. ತುಟಿ ಬಿಳಿಚಿತ್ತು. ಬೆರಳು ಕೀ ಮೇಲೆ ಸೆಟೆದುಕೊಂಡಿತ್ತು. ಕೈ ಹಿಡಿದು ಬಿಡಿಸಿದೆ, ಮಂಜಿನಂತೆ ತಣ್ಣಗಿತ್ತು. ಅವಳು ಉಸಿರೆಳೆದು “ಬಾಗ್ಲು ತೆಗೀರಿ, ಬಾಗ್ಲು ತೆಗೀರಿ” ಎಂದಳು. ಮನೆಯ ಬಾಗಿಲು ತೆರೆದೇ ಇತ್ತು.

ಅಜ್ಜಿ ಹುಣಸೆ ಮೆತ್ತಿದ ಕೈಯಲ್ಲೇ ಅವಳನ್ನು ತಬ್ಬಿಕೊಂಡರು. ಅವರು ಹೇಳಿದ ಮೇಲೆ ವಿಷಯ ತಿಳಿಯಿತು: ನಾಲ್ಕು ವರ್ಷದವಳಿದ್ದಾಗ ಅಮೃತೂರಿನ ಮನೆಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತಾ ಚಂದನಾ ತೆಂಗಿನಕಾಯಿ ಕೋಣೆಯಲ್ಲಿ ಅಡಗಿದ್ದಳು. ಯಾರೋ ನೋಡದೆ ಹೊರಗಿನಿಂದ ಚಿಲಕ ಹಾಕಿದರು. ಮಧ್ಯಾಹ್ನದಿಂದ ಸಂಜೆಯವರೆಗೆ ಒಳಗೇ ಇದ್ದಳು.

“ಮರ್ತವ್ಳೆ ಅಂದ್ಕೊಂಡಿದ್ವಿ ಸಾರ್” ಎಂದರು ಮಹೇಶಪ್ಪ. ನಾನು ಕೇಳಿರಲಿಲ್ಲ, ನನ್ನ ಪಟ್ಟಿಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ನೀರು ಕುಡಿದು, ಅತ್ತು, ಸುಧಾರಿಸಿಕೊಂಡ ಮೇಲೆ ಚಂದನಾಳೇ ತೀರ್ಮಾನಿಸಿದಳು: “ದೆವ್ವ ಪರ್ವಾಗಿಲ್ಲ ಸಾರ್. ಬಚ್ಚಿಟ್ಕೊಳ್ಳೋದು ಬೇಡ.” ಆ ಗೇಮ್ ತೆಗೆಸಿದೆವು. ಕೆಲವು ತಿಂಗಳು ಮನೋವೈದ್ಯರ ಹತ್ತಿರ ಹೋಗಿಬಂದಳು. ಆ ರಜೆಯಲ್ಲಿ ಬಯಲಲ್ಲಿ ಓಡಿ ತಪ್ಪಿಸಿಕೊಳ್ಳುವ ಬೇರೊಂದು ಗೇಮನ್ನು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿದಳು. ಹೆಚ್ಚು ಕಿರುಚಿದ್ದು ಅಪ್ಪನೇ ಅಂತೆ.

ಇಂದಿಗೂ ಯಾರಾದರೂ ಕೇಳಿದರೆ ಗೇಮಿನ ಹೆಸರು ಕೇಳುವ ಮೊದಲು, ಈ ಮಗು ಯಾವುದಕ್ಕೆ ಹೆದರಿದೆ ಎಂದು ಮನೆಯವರನ್ನೆಲ್ಲ ಕೇಳುತ್ತೇನೆ. ಆಡುವಾಗ ಮಗುವಿನ ಮುಖ ನೋಡಿ ಎನ್ನುತ್ತೇನೆ. ಇದನ್ನು ನನಗೆ ಕಲಿಸಿದವರಿಗೆ, ನಾನೇ ಬಾಯಿ ಮುಚ್ಚಿಸಿದರೂ ಸುಮ್ಮನಿರದಿದ್ದವರಿಗೆ, ನಾನು ಋಣಿ.

ಅಂದು ಚಂದನಾ ಉಸಿರು ಹಿಡಿದು ಕೂತದ್ದನ್ನು ಕಣ್ಣಾರೆ ಕಂಡವರು ನನ್ನ ಹೊರತು ಇಬ್ಬರು. ಮಹೇಶಪ್ಪ ಮರಳೂರಿನಲ್ಲೇ ಇದ್ದಾರೆ. ಪುಟ್ಟಮ್ಮಜ್ಜಿ ಅಮೃತೂರಿನಲ್ಲಿ ಗಟ್ಟಿಯಾಗಿದ್ದಾರೆ.