ಗರಸಿಲ್ಲದ ರಸ್ತೆಗೆ ಅಡ್ಡ ಕುಳಿತ ನೀಲವ್ವ

ಗೆಳೆಯರೇ, ಇವತ್ತು ಹಂಸಭಾವಿಯ ನಮ್ಮ ಓಣಿಯ ಕಾಂಕ್ರೀಟ್ ರಸ್ತೆ ಕೆಲಸವನ್ನು ಒಬ್ಬ ಮುದುಕಿ ನಿಲ್ಲಿಸಿದರು.

ಕೆಳಗೆ ಹರಳುಗಲ್ಲಿನ ಗರಸು ಹಾಸಿ ದಮ್ಮಸು ಮಾಡದೆ, ಸೂಪರ್‌ವೈಸರ್ ಎರೆಮಣ್ಣಿನ ಮೇಲೆಯೇ ಕಾಂಕ್ರೀಟ್ ಸುರಿಸಲು ಹೊರಟಿದ್ದ. ಪಕ್ಕದ ಮನೆಯ ನೀಲವ್ವ ಬಂದು ನಡುವೆ ಕುಳಿತುಬಿಟ್ಟರು.

“ಗರಸು ಎಲ್ಲೈತಿ?”

“ಮ್ಯಾಲೆ ಖಡಿ, ಸಿಮೆಂಟು ಗಟ್ಟಿ ಹಾಕ್ತೇವಿ. ಏಳ್ರಿ ಆಯಿ.”

“ಎರಿ ಮಣ್ಣು ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಬಿರೀತೈತಿ. ಮ್ಯಾಲಿಂದು ಎಷ್ಟು ಗಟ್ಟಿ ಇದ್ರೂ ಒಡೀತೈತಿ ತಮ್ಮಾ.”

“ನೀವೇನು ಎಂಜಿನಿಯರ್ ಏನ್ರಿ?”

“ಅಲ್ಲಪಾ. ಹರೇದಾಗ ಈ ಸೀಮಿ ರಸ್ತೆಗೆಲ್ಲಾ ಗರಸು ಹೊತ್ತೇನಿ.”

ಓಣಿಯ ಹೆಂಗಸರೆಲ್ಲ ಅವರ ಪಕ್ಕ ಬಂದು ಕುಳಿತ ಮೇಲೆ ಆತ ಫೋನ್ ಮಾಡಿದ. ಮಧ್ಯಾಹ್ನ ಗರಸೆಂದು ಹೇರಿಕೊಂಡು ಟಿಪ್ಪರ್ ಬಂತು. ಸುರಿಯುವ ಮೊದಲೇ ನೀಲವ್ವ ಒಂದು ಹಿಡಿ ತೆಗೆಸಿ, ನೀರು ಹಾಕಿ ಹಿಚುಕಿದರು. ಅಂಗೈಯೆಲ್ಲ ಕೆಸರು.

“ಇದು ಗರಸಲ್ಲ, ಬರೇ ಮಣ್ಣು. ಹೊಳ್ಳಿ ಒಯ್ರಿ.”

ಸಂಜೆ ಎರಡನೇ ಲೋಡು ಬಂದಾಗ ಸೂಪರ್‌ವೈಸರನೇ ನೀರಿನ ಚೊಂಬು ಹಿಡಿದು ಅವರ ಕಟ್ಟೆಗೆ ಹೋದ. “ಆಯಿ, ಇದನ್ನಷ್ಟು ನೋಡ್ರಿ.” ಆ ಗರಸು ಪಾಸಾಯಿತು.

ಸಿವಿಲ್ ಡಿಪ್ಲೊಮಾ ಮುಗಿಸಿರುವ ನಾನೂ ಇಡೀ ದಿನ ಅಲ್ಲೇ ಇದ್ದೆ. ವಿಡಿಯೊ ಚೆನ್ನಾಗಿ ಬಂದಿದೆ.