ಗೌಂಡಿ ದಾರ ಹಿಡಿದು ಗಾಲಿ ನೋಡುವ ಮೌನಪ್ಪ

ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಹಾದಂಗಡಿಯವನು ಒಲೆ ಹೊತ್ತಿಸಿ ಹಾಲಿನ ಗಾಡಿಗೆ ಕಾಯುತ್ತಿದ್ದಾನೆ. ಪಕ್ಕದ ಬೇವಿನ ಮರದ ಬುಡದಲ್ಲಿ ಮೌನಪ್ಪ ಗೋಣಿತಟ್ಟು ಹಾಸಿ, ಎಡಗಾಲು ನೀಳವಾಗಿ ಚಾಚಿ ಕೂತು, ನಟ್ಟು ತಿರುಗಿಸುವ ಪಾನಾ, ಇಕ್ಕಳ, ಗಾಳಿ ಹೊಡೆಯುವ ಪಂಪು ಒಂದೊಂದಾಗಿ ಚೀಲದಿಂದ ತೆಗೆದಿಡುತ್ತಾರೆ. ಕಡೆಗೆ ಹೊರಬರುವುದು ಒಂದು ದಾರದ ಉಂಡೆ. ಗೋಡೆ ಕಟ್ಟುವ ಗೌಂಡಿಗಳು ಇಟ್ಟಿಗೆಯ ಸಾಲು ನೇರ ಬರಲೆಂದು ಎಳೆದು ಕಟ್ಟುತ್ತಾರಲ್ಲ, ಅದೇ ದಾರ. ಮೋಟರ್‌ಸೈಕಲ್ ರಿಪೇರಿಯವನಿಗೆ ಇದೇಕಪ್ಪಾ ಎಂದು ಕೇಳಿದವರಿಗೆ ಮೌನಪ್ಪ ಬರೀ ನಗುತ್ತಾರೆ. ಹಾಗೆಂದು ಮಾತಿಲ್ಲದ ಮನುಷ್ಯ ಎಂದುಕೊಳ್ಳಬೇಡಿ. ಗಾಲಿಯ ವಿಷಯ ಬಂತೋ, ಅವರ ಬಾಯಿ ಮುಚ್ಚಿಸುವುದು ಹೆಂಡತಿ ಗಂಗಾಬಾಯಿಯಿಂದಲೂ ಆಗುವುದಿಲ್ಲ.

ಇವತ್ತು ಮೊದಲು ಬರುತ್ತಿರುವುದು ಒಂದು ಹಳೆಯ ಕಪ್ಪು ಮೋಟರ್‌ಸೈಕಲ್. ಓಡಿಸಿಕೊಂಡಲ್ಲ, ತಳ್ಳಿಕೊಂಡು. ತಳ್ಳುತ್ತಿರುವವನು ಭೀಮಾಶಂಕರ, ಯಾದಗಿರಿ ಕಡೆಯ ಗೌಂಡಿ, ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದವನು. ಸ್ವಲ್ಪ ಹಿಂದೆ ಅವನ ಹೆಂಡತಿ ರೇಣುಕಾ, ಮೊಣಕೈಗೆ ಬಟ್ಟೆ ಸುತ್ತಿಕೊಂಡು, ಮುಖ ಊದಿಸಿಕೊಂಡು. ಗಾಡಿಯ ಬಲಗಡೆ ಒಂದು ಸಿಮೆಂಟಿನ ಚೀಲ ನೇತಾಡುತ್ತಿದೆ. ಮೌನಪ್ಪ ಬೆರಳಿನಿಂದ ಒತ್ತಿ ನೋಡುತ್ತಾರೆ.

"ಉಸುಕು ಯಾಕ ಕಟ್ಟಿ ತಮ್ಮಾ?"

"ಗಾಡಿ ಎಡಕ್ಕ ಎಳಿತೈತಿ ಕಾಕಾ. ಇಕಿ ಎಡಕ್ಕ ಕಾಲು ಬಿಟ್ಟು ಓರೆ ಕುಂದರ್ತಾಳ, ತೊಡಿ ಮ್ಯಾಲ ಬುಟ್ಟಿ ಬ್ಯಾರೆ. ತೂಕ ಎಲ್ಲಾ ಆ ಕಡೆ ಬೀಳತೈತಿ. ಅದಕ್ಕ ಈ ಕಡೆ ಉಸುಕು ಕಟ್ಟೀನಿ."

ಗೌಂಡಿಯ ತಲೆ ಗೌಂಡಿಯ ಹಾಗೆಯೇ ಓಡಿದೆ ನೋಡಿ! ಒಂದು ಕಡೆ ಭಾರವಾದರೆ ಇನ್ನೊಂದು ಕಡೆ ಭಾರ ಹಾಕು, ಸಮ ಆಗುತ್ತದೆ. ಗಂಡನಿಗೆ ರೊಟ್ಟಿಯ ಬುತ್ತಿ ಕೊಡಲು ಬಂದಿದ್ದ ಗಂಗಾಬಾಯಿ ಇದನ್ನು ಕೇಳಿ ಸುಮ್ಮನಿರುವ ಪೈಕಿಯಲ್ಲ. "ಕಡ್ಡಿ ಹಂಗ ಅದಾಳ ಹೆಣ್ಣಮಗಳು. ಇಕಿ ತೂಕಕ್ಕ ಗಾಡಿ ವಾಲಿದ್ರ ನಿನ್ನ ಹೊಟ್ಟಿ ತೂಕಕ್ಕ ಮುಗಚಿ ಬೀಳಬೇಕಿತ್ತಲ್ಲೋ!" ಭೀಮಾಶಂಕರ ಹಲ್ಲು ಕಿರಿಯುತ್ತಾನೆ. ರೇಣುಕಾ ಮಾತ್ರ ನಗುವುದಿಲ್ಲ.

ನಗುವ ಸ್ಥಿತಿಯಲ್ಲಿ ಅವಳಿಲ್ಲ. ಮೊನ್ನೆ ಚಾದರ್‌ಘಾಟ್ ಸೇತುವೆ ದಾಟಿ ಇಳಿಯುವಾಗ ಬ್ರೇಕ್ ಒತ್ತಿದ್ದೇ ತಡ, ಹಿಂದಿನ ಗಾಲಿ ಪಕ್ಕಕ್ಕೆ ಜಾರಿ ಅವಳು ರಸ್ತೆಗೆ ಬಿದ್ದಳು. ಪುಣ್ಯಕ್ಕೆ ಹಿಂದಿನಿಂದ ಲಾರಿ ಬರುತ್ತಿರಲಿಲ್ಲ, ಮೊಣಕೈ ತರಚಿದ್ದರಲ್ಲೇ ಮುಗಿಯಿತು. ಅಂದಿನಿಂದ ಅವಳು ಈ ಗಾಡಿ ಹತ್ತಿಲ್ಲ. ಇವತ್ತು ಶಂಕರಪಲ್ಲಿ ಕಡೆ ಹೊಸ ಕಟ್ಟಡದ ಕೆಲಸ ಶುರು. ಇಷ್ಟು ಬೆಳಗ್ಗೆ ಅಲ್ಲಿಗೆ ಬಸ್ಸಿಲ್ಲ. ಕೂಲಿಕಾರರು ಬೆಳಗ್ಗೆ ನೆರೆಯುವ ಅಡ್ಡಾದಲ್ಲಿ ಗುತ್ತಿಗೆದಾರರು ಆಳು ಲೆಕ್ಕ ಹಾಕುವುದು ಜೋಡಿಯಲ್ಲಿ: ಗಂಡ ಗೌಂಡಿ, ಹೆಂಡತಿ ಗಾರೆ ಹೊರುವವಳು, ದಾರ ಹಿಡಿಯುವವಳು. ರೇಣುಕಾ ಹೋಗದಿದ್ದರೆ ಭೀಮಾಶಂಕರನ ಕೈಗೆ ಬೇರೆ ಆಳು ಬರುತ್ತದೆ. ರೇಣುಕಾ ಗುರುತು ಪರಿಚಯವಿಲ್ಲದವರ ನಡುವೆ ಅಡ್ಡಾದಲ್ಲಿ ಒಬ್ಬಳೇ ನಿಲ್ಲಬೇಕಾಗುತ್ತದೆ. ಮದುವೆಯಾದ ಮೇಲೆ ಒಂದು ದಿನವೂ ಇಬ್ಬರೂ ಬೇರೆ ಬೇರೆ ಕಡೆ ದುಡಿದವರಲ್ಲ.

ಜೋಡಿ ಎಂದರೇನು ಎಂದು ಮೌನಪ್ಪನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸುರಪುರದ ಹತ್ತಿರದ ಹಳ್ಳಿಯಿಂದ ಹೆಂಡತಿಯ ಜೊತೆ ರೈಲು ಹತ್ತಿ ಇದೇ ಸ್ಟೇಷನ್ನಿನಲ್ಲಿ ಇಳಿದವರು ಅವರು. ಆಗ ಅವರೂ ಗೌಂಡಿ. ಗಂಗಾಬಾಯಿ ದಾರದ ಆ ತುದಿ, ಇವರು ಈ ತುದಿ. ಹೈಟೆಕ್ ಸಿಟಿಯ ಕಡೆ ಎಷ್ಟು ಗೋಡೆ ಎದ್ದವೋ ಅವರಿಗೇ ನೆನಪಿಲ್ಲ. ಒಂದು ಮಳೆಗಾಲ ಸಾರವೆಯ ಹಲಗೆ ಜಾರಿ ಕೆಳಗೆ ಬಿದ್ದರು. ಮುರಿದ ಎಡಗಾಲು ಕೂಡಿತು, ಆದರೆ ಮತ್ತೆ ಮಡಚಲಿಲ್ಲ. ಗಂಗಾಬಾಯಿ ಬೇಗಂ ಬಜಾರಿನ ಅಂಗಡಿಯೊಂದರಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ ಹಿಡಿದರು. ಇವರು ಮರದ ಬುಡದಲ್ಲಿ ಪಂಕ್ಚರ್ ಹಾಕಲು ಕೂತರು.

"ಕಾಲು ಮುರದದ್ದು ತಡಕೊಂಡೀನ್ರಿ," ಎನ್ನುತ್ತಾರೆ ಮೌನಪ್ಪ. "ಜೋಡಿ ಮುರೀತಲ್ಲ, ಅದು ಭಾಳ ನೋವಾತು. ಇಕಿ ಬುತ್ತಿ ಕೊಟ್ಟು ಆ ಕಡೆ ಹೋಗೋದು, ನಾ ಈ ಕಡೆ ನೋಡಕೋತ ಕುಂದ್ರೋದು."

ಪಂಕ್ಚರ್ ಹಾಕುತ್ತಾ ಹಾಕುತ್ತಾ ಅವರಿಗೊಂದು ವಿಷಯ ಕಣ್ಣಿಗೆ ಬಿತ್ತು. ಎರಡನೇ ಕೈಗೆ ಬಂದ ಗಾಡಿಗಳ ಹಿಂದಿನ ಟೈರು ಒಂದೇ ಮಗ್ಗುಲಲ್ಲಿ ಸವೆದಿರುತ್ತಿತ್ತು. ಹೊಸ ಟೈರು ಹಾಕಿದರೂ ಅದೇ ಕಥೆ. ಒಂದು ದಿನ ಹಳೆಯ ಗೌಂಡಿ ದಾರವನ್ನೇ ತೆಗೆದು ಗಾಲಿಗೆ ಹಿಡಿದು ನೋಡಿದರು. ಗಾಲಿ ಓರೆ! ಅಂದಿನಿಂದ ಇದೇ ಅವರ ವಿದ್ಯೆ. ದಿನಕ್ಕೆ ಐದಾರು ಗಾಡಿ ಬರುತ್ತವೆ. ಬಂದವರ ಜೊತೆ ಹಿಂದಿ, ತೆಲುಗು. ಊರ ಕಡೆಯವರು ಬಂದರೆ ಮಾತ್ರ ಕನ್ನಡ, ಮೊದಲು ಚಹಾ. "ಗಾಲಿನೂ ಗ್ವಾಡಿನೂ ಒಂದರೀ," ಎನ್ನುವುದು ಅವರ ಮಾತು. "ಸೀದಾ ಐತಿ ಅಂತ ಕಣ್ಣು ಹೇಳಬಾರ್ದು. ದಾರ ಹೇಳಬೇಕು."

ಭೀಮಾಶಂಕರ ಅಷ್ಟು ಸುಲಭಕ್ಕೆ ಒಪ್ಪುವವನಲ್ಲ. ಹಿಂದಿನ ಗಾಲಿಯನ್ನು ಎರಡೂ ಕಡೆಯಿಂದ ಹಿಡಿದ ಕಬ್ಬಿಣದ ತೋಳಿಗೆ ಮೆಕ್ಯಾನಿಕ್ಕುಗಳು ಚಿಮಟಾ ಎನ್ನುತ್ತಾರೆ. ಅದರ ತುದಿಯಲ್ಲಿ ಚೈನು ಬಿಗಿ ಮಾಡುವ ತುಂಡುಗಳಿವೆ, ಅವುಗಳ ಮೇಲೆ ಗೆರೆಗಳಿವೆ. "ಗೆರಿ ಎರಡೂ ಕಡೆ ಸಮ ಅದಾವು ಕಾಕಾ, ನಾನ ಎಣಿಸೀನಿ. ಗಾಡೀದೇನೂ ತಪ್ಪಿಲ್ಲ."

"ಹಳೇ ಗ್ವಾಡಿ ಮ್ಯಾಲ ಯಾರೋ ಎಳದ ಗೆರಿ ನಂಬಿ ಇಟ್ಟಂಗಿ ಇಡತೀ ಏನ್ ತಮ್ಮಾ?"

"ಇಲ್ರಿ. ದಾರ ಹಿಡೀತೀನಿ."

"ಮತ್ತ?"

ಮೌನಪ್ಪ ಉಸುಕಿನ ಚೀಲ ಬಿಚ್ಚಿಸಿ, ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಗಾಲಿ ನೇರ ಮಾಡಿಸಿ, ದಾರವನ್ನು ಹಿಂದಿನ ಟೈರಿಗೆ ಸುತ್ತುತ್ತಾರೆ. ಎರಡು ಎಳೆ ಗಾಡಿಯ ಎರಡೂ ಮಗ್ಗುಲಿಂದ ಮುಂದಿನ ಗಾಲಿಯವರೆಗೆ ಹೋಗಬೇಕು. ಅಲ್ಲಿ ಎರಡೂ ಕಡೆ ಒಂದೇ ಅಂತರ ಉಳಿದರೆ ಗಾಲಿ ನೇರ. ತುದಿ ಹಿಡಿಯಲು ಭೀಮಾಶಂಕರ ಮುಂದೆ ಬರುತ್ತಾನೆ. ಮೌನಪ್ಪ ಅವನನ್ನು ಬದಿಗೆ ಸರಿಸುತ್ತಾರೆ.

"ಯವ್ವಾ ರೇಣುಕಾ, ನೀ ಬಾ. ದಾರ ಹಿಡಿ."

ರೇಣುಕಾ ಬಂದು ಕುಕ್ಕರುಗಾಲಲ್ಲಿ ಕೂರುತ್ತಾಳೆ. ನೋಯುವ ಮೊಣಕೈಯನ್ನು ಮಂಡಿಗೆ ಆನಿಸಿ, ಎರಡು ಎಳೆಯನ್ನೂ ಬಿಗಿಯಾಗಿ ಎಳೆದು ಹಿಡಿಯುತ್ತಾಳೆ. ದಿನಾ ಅದೇ ಕೆಲಸ ಮಾಡುವ ಕೈ ಅದು, ದಾರ ಅಲುಗುವುದಿಲ್ಲ. ಅವಳೇ ಮೊದಲು ನೋಡುತ್ತಾಳೆ.

"ಕಾಕಾ, ಎಡಕ್ಕ ದಾರ ಗಾಲಿಗೆ ತಾಕಾಕತ್ತೈತಿ. ಬಲಕ್ಕ ಬೆರಳು ಹೋಗೋವಷ್ಟು ಸಂದಿ ಐತಿ."

"ಹೌದಲ್ಲ? ಹಂಗಾರ ಹಿಂದಿನ ಗಾಲಿ ಓರೆ ಐತಿ. ನೀ ಕುಂದ್ರೋದು ಅಲ್ಲ."

ಇಷ್ಟಕ್ಕೇ ಮುಗಿಯಲಿಲ್ಲ. ಚಿಮಟಾವೇ ಬಾಗಿದ್ದರೆ ದಾರ ಏನೂ ಮಾಡುವುದಿಲ್ಲ, ಗಾಡಿ ನಂಬಿ ಹೊರಡುವ ಹಾಗಿಲ್ಲ, ಇವತ್ತಿನ ಜೋಡಿಯೂ ಇಲ್ಲ. ಮೌನಪ್ಪ ಇನ್ನೊಂದು ತುಂಡು ದಾರ ತೆಗೆದು, ಚಿಮಟಾ ಹೊರಳುವ ಮುಂದಿನ ಬೋಲ್ಟಿನಿಂದ ಗಾಲಿಯ ಎಕ್ಸೆಲ್‌ವರೆಗೆ ಅಳೆದು ಗಂಟು ಹಾಕುತ್ತಾರೆ. ಎಡಗಡೆಯ ಗಂಟು ಬಲಗಡೆಗೆ ಹಿಡಿದರೆ ಎಕ್ಸೆಲ್ ಮುಟ್ಟುವುದಿಲ್ಲ. ಬಲಗಡೆ ಗಾಲಿ ಹಿಂದಕ್ಕೆ ಸರಿದಿದೆ. ಬಗ್ಗಿ, ಬಟ್ಟೆಯಿಂದ ಎಣ್ಣೆ ಒರೆಸಿ, ಬಲಗಡೆಯ ಚೈನು ಬಿಗಿ ಮಾಡುವ ತುಂಡನ್ನು ಬೆರಳಲ್ಲಿ ಸವರುತ್ತಾರೆ. ಅದು ಬೇರೆ ಯಾವುದೋ ಗಾಡಿಯದು. ಹಿಂದಿನ ಮಾಲೀಕ ಎಲ್ಲೋ ಮುರಿದುಕೊಂಡು, ಸಿಕ್ಕಿದ್ದನ್ನು ಹಾಕಿಸಿಕೊಂಡಿದ್ದಾನೆ. ಅದರ ಗೆರೆಗಳ ಲೆಕ್ಕವೇ ಬೇರೆ. ಗೆರೆ ಸಮ ಮಾಡಿದಷ್ಟೂ ಗಾಲಿ ಓರೆ.

ಮುಂದೆ ಪಾನಾದ ಕೆಲಸ. ಎಕ್ಸೆಲ್ ನಟ್ಟು ಸಡಿಲಿಸಿ, ಗಂಟು ಕೂಡುವವರೆಗೆ ಬಲಗಡೆಯನ್ನು ಮುಂದಕ್ಕೆ ತಂದು, ಬಿಗಿ ಮಾಡಿ, ಚೈನು ಒತ್ತಿ ನೋಡಿ, ಬ್ರೇಕು ಸರಿಮಾಡಿ, ಮತ್ತೆ ಮೊದಲಿನಂತೆ ದಾರ ಸುತ್ತುತ್ತಾರೆ. ರೇಣುಕಾ ಉಸಿರು ಹಿಡಿದು ಎಳೆಯುತ್ತಾಳೆ. ಎಡಕ್ಕೆ ನೋಡುತ್ತಾಳೆ, ಬಲಕ್ಕೆ ನೋಡುತ್ತಾಳೆ, ಮತ್ತೊಮ್ಮೆ ಎಡಕ್ಕೆ.

"ಎರಡೂ ಕಡೆ ಸಮ ಐತ್ರಿ."

ಚಿಮಟಾ ಬಾಗಿಲ್ಲ. ಗಾಡಿ ಉಳಿಯಿತು. ಭೀಮಾಶಂಕರ ಹಿಗ್ಗಿ "ಭೇಷ್ ಕಾಕಾ!" ಎನ್ನುತ್ತಾನೆ. ರೇಣುಕಾ ದಾರ ಬಿಡುವುದಿಲ್ಲ. ಕೂತಲ್ಲೇ ತಲೆ ತಗ್ಗಿಸಿ ಮಾತಾಡುತ್ತಾಳೆ, ಮೌನಪ್ಪನವರಿಗೆ ಹೇಳುವ ಹಾಗೆ, ಗಂಡನಿಗೆ ಕೇಳಿಸುವ ಹಾಗೆ.

"ನಿನ್ನ ತೂಕ, ನಿನ್ನ ತೂಕ ಅಂತ ಉಣ್ಣೋ ಮುಂದೂ ಅದ ಮಾತು ಕಾಕಾ. ನಾ ಖರೇ ಅಂದಕೊಂಡ್ನಿ. ರೊಟ್ಟಿ ಒಂದಕ್ಕ ಇಳಿಸೀನಿ."

ಭೀಮಾಶಂಕರನ ಮುಖದ ಹಿಗ್ಗು ಹಾಗೆಯೇ ಇಳಿದುಹೋಗುತ್ತದೆ. ಪಾಪ, ಅವನಿಗೆ ಇದು ಗೊತ್ತೇ ಇರಲಿಲ್ಲ. ಗಂಗಾಬಾಯಿ ಮಾತ್ರ ತಡಮಾಡುವುದಿಲ್ಲ. ಗಂಡನ ಬುತ್ತಿಯನ್ನೇ ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ, ಬದನೆಕಾಯಿ ಪಲ್ಯ ಹಾಕಿ, ರೇಣುಕಾಳ ಕೈಗೆ ಇಡುತ್ತಾರೆ. "ಎರಡು ತಿನ್ನಬೇಕು. ನನ್ನ ಕಣ್ಣ ಮುಂದ ತಿನ್ನಬೇಕು. ಆಮ್ಯಾಲ ಗಾಡಿ ಹತ್ತು."

ರೇಣುಕಾ ತಿನ್ನುತ್ತಾಳೆ, ಮೂಗು ಸೀಟುತ್ತಾ ತಿನ್ನುತ್ತಾಳೆ. ಭೀಮಾಶಂಕರ ಉಸುಕನ್ನು ಮರದ ಬುಡಕ್ಕೆ ಸುರಿದು, ಖಾಲಿ ಚೀಲ ಝಾಡಿಸಿ ಮಡಚಿ, ಹೆಗಲ ಮೇಲಿನ ಟವೆಲಿನಿಂದ ಹಿಂದಿನ ಸೀಟು ಒರೆಸುತ್ತಾನೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾನೆ. ತಪ್ಪಾಯಿತು ಎನ್ನಲು ಬಾಯಿ ಬರುತ್ತಿಲ್ಲ, ಗಂಡಸು ಜಾತಿಯೇ ಹಾಗೆ. ಕಡೆಗೆ ಇಷ್ಟೇ ಹೇಳುತ್ತಾನೆ: "ನಿನಗ ಹೆಂಗ ಬೇಕೋ ಹಂಗ ಕುಂದ್ರು."

ರೇಣುಕಾ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಎಡಕ್ಕೇ ಕಾಲು ಬಿಟ್ಟು ಕೂರುತ್ತಾಳೆ. ಗಾಡಿ ಹೊರಡುತ್ತದೆ. ಗೆದ್ದ ಮೆಕ್ಯಾನಿಕ್ ಗಾಲಿ ನೋಡುತ್ತಾ ನಿಲ್ಲಬೇಕಲ್ಲ? ಮೌನಪ್ಪ ಗಾಲಿಯ ಕಡೆ ನೋಡುವುದೇ ಇಲ್ಲ. ಮರಕ್ಕೆ ಕೈಯಾನಿಸಿ ಎದ್ದು ನಿಂತು, ಹಿಂದೆ ಕೂತವಳ ಕೈ ನೋಡುತ್ತಿದ್ದಾರೆ. ಆ ಕೈ ಸೀಟಿನ ಹಿಂದಿನ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದಿದೆ.

"ದಾರ ಸೀದಾ ಅಂದ ಕೂಡ್ಲೆ ಮುಗೀಲಿಲ್ರಿ," ಎನ್ನುತ್ತಾರೆ ಅವರು. "ಒಮ್ಮೆ ಬಿದ್ದಾಕಿ. ಗಾಡಿ ಎಳಿತೈತೋ ಇಲ್ಲೋ ಆಕಿ ಮೈಗೆ ಗೊತ್ತಾಗಬೇಕು. ಆ ಕೈ ಯಾವಾಗ ಕಬ್ಬಿಣ ಬಿಡತೈತಿ, ಅವಾಗ ನನ್ನ ಕೆಲಸ ಆತು."

ಗಾಡಿ ಚಹಾದಂಗಡಿ ದಾಟುತ್ತದೆ. ಕೈ ಬಿಡುವುದಿಲ್ಲ. ಆಟೋ ಸ್ಟ್ಯಾಂಡು ದಾಟುತ್ತದೆ, ಇನ್ನೂ ಇಲ್ಲ. ಬಜಾರಿಗೆ ಹೊತ್ತಾಯಿತೆಂದು ಗಂಗಾಬಾಯಿ ಚೀಲ ಎತ್ತಿಕೊಂಡವರು, ಹೋಗದೆ ಗಂಡನ ಪಕ್ಕವೇ ನಿಂತಿದ್ದಾರೆ. ತಿರುವಿನಲ್ಲಿ ಬಸ್ಸೊಂದು ಅಡ್ಡ ಬಂದು ಭೀಮಾಶಂಕರ ಬ್ರೇಕ್ ಒತ್ತುತ್ತಾನೆ. ಗಾಡಿ ಅಲುಗದೆ ನಿಂತು, ಮತ್ತೆ ಹೊರಡುತ್ತದೆ. ರೇಣುಕಾಳ ಕೈ ಕಬ್ಬಿಣ ಬಿಟ್ಟು ಮೇಲೇಳುತ್ತದೆ. ಗಾಳಿಗೆ ಹಾರಿದ ಸೆರಗು ಸರಿಮಾಡಿಕೊಂಡು, ಗಂಡನ ಹೆಗಲ ಮೇಲೆ ಕೂರುತ್ತದೆ.

"ಬಿಟ್ಲು ನೋಡ," ಎನ್ನುತ್ತಾರೆ ಮೌನಪ್ಪ ಹೆಂಡತಿಗೆ.